ಪಂಜ ನೆಲಕ್ಕೆ, ಕೀ ಜೇಬಿಗೆ

ಪೆಟ್ಟಿಗೆಯನ್ನು ಎತ್ತುವ ಮೊದಲು ಆರೂ ಜನ ಅದನ್ನು ಒಂದು ಸುತ್ತು ಸುತ್ತಿ ಬಂದರು. ಒಬ್ಬ ಬಗ್ಗಿ ಅಡಿಭಾಗ ನೋಡಿದ. ಇನ್ನೊಬ್ಬ ಹಿಡಿಗಳನ್ನು ಒಂದೊಂದಾಗಿ ಎಳೆದು ಪರೀಕ್ಷಿಸಿದ. ಮತ್ತೊಬ್ಬ ತಲೆ ಎತ್ತಿ, ಬಾಗಿಲ ಮೇಲಿನ ದೀಪ, ಅದರ ತಂತಿ, ಬಟ್ಟೆ ಒಣಹಾಕುವ ಹಗ್ಗ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡ.

“ಏನ್ರಪ್ಪಾ, ಕೊಂಡ್ಕೊಳ್ಳೋಕೆ ಬಂದಿದೀರಾ?” ಎಂದರು ಮಾಮ. “ಎತ್ರೋ ಬೇಗ.”

ಮಾಮ ಸತ್ತವರ ತಮ್ಮ. ಕಸುಬಿನಲ್ಲಿ ಗಡಿಯಾರ ರಿಪೇರಿಯವರು. ಊರವರ ಗಡಿಯಾರಗಳೆಲ್ಲ ಅವರ ಅಂಗಡಿಯಲ್ಲಿ ತಲೆಗೊಂದು ಸಮಯ ತೋರಿಸುತ್ತ ಕೂತಿರುತ್ತಿದ್ದುದರಿಂದಲೋ ಏನೋ, ಜಗತ್ತಿನ ಸರಿಯಾದ ಸಮಯವೆಲ್ಲ ತಮ್ಮೊಬ್ಬರ ಮಣಿಕಟ್ಟಿನ ಮೇಲೇ ಇದೆ ಎಂಬ ಭಾರ ಹೊತ್ತುಕೊಂಡು ಓಡಾಡುತ್ತಿದ್ದರು. ಸ್ಮಶಾನದ ಗೇಟು ಒಂದು ಗಂಟೆಗೆ ಮುಚ್ಚುತ್ತದೆ ಎಂದು ಬೆಳಿಗ್ಗೆಯಿಂದ ಹನ್ನೊಂದು ಸಲ ಹೇಳಿ ಆಗಿತ್ತು.

“ಸುತ್ತು ಬರ್ದೆ ಎತ್ತಿದ್ರೆ ಅಮ್ಮಾವ್ರು ಒಳಗಿಂದಾನೇ ‘ಇನ್ನೊಂದ್ಸಲ’ ಅಂತಾರೆ ಸ್ವಾಮಿ,” ಎಂದ ಆರರಲ್ಲೊಬ್ಬ.

ಉಳಿದ ಐವರು ನಗಲಿಲ್ಲ. ಆ ಸಾಧ್ಯತೆಯನ್ನು ತಳ್ಳಿಹಾಕಲು ಅವರಿಗೆ ಧೈರ್ಯವಿರಲಿಲ್ಲ.

ಸತ್ತವರು ಮೂವತ್ತೊಂದು ವರ್ಷ ಕಾಡಿನ ಯಂತ್ರಗಳ ಪರೀಕ್ಷಕಿಯಾಗಿದ್ದವರು. ಮರ ಕಡಿಯುವ, ದಿಮ್ಮಿ ಎಳೆಯುವ, ದಿಮ್ಮಿ ಎತ್ತಿ ಅಟ್ಟಿ ಕಟ್ಟುವ ಯಾವ ಯಂತ್ರದ ಮೇಲೆ ಕೂರಬೇಕಾದರೂ ಅಂಗೈಯಗಲದ ಒಂದು ಕಾರ್ಡು ಬೇಕು. ಈ ಮನುಷ್ಯನಿಗೆ ಈ ಕೆಲಸ ಬರುತ್ತದೆ ಎಂದು ಆ ಕಾರ್ಡು ಸಾಕ್ಷಿ ಹೇಳಬೇಕು. ಹಾಗೆಂದು ಕಾರ್ಡಿನ ಬಾಯಲ್ಲಿ ಹೇಳಿಸಬೇಕಾದರೆ ಈಕೆಯ ಸಹಿ ಬೀಳಬೇಕು. ಸಹಿ ಸುಲಭಕ್ಕೆ ಬೀಳುತ್ತಿರಲಿಲ್ಲ. ಪರೀಕ್ಷೆ ಮುಗಿದ ಮೇಲೆ ಕನ್ನಡಕ ಒರೆಸಿಕೊಂಡು, ಮಗುವಿಗೆ ಕೊನೆಯ ತುತ್ತು ತಿನ್ನಿಸುವ ದನಿಯಲ್ಲಿ, “ಇನ್ನೊಂದ್ಸಲ” ಎನ್ನುತ್ತಿದ್ದರು. ಹಾಗಾಗಿ ಕಸುಬಿನವರ ಬಾಯಲ್ಲೆಲ್ಲ ಅವರು ಇನ್ನೊಂದ್ಸಲಮ್ಮ.

ಈಗ ಅಂಗಳದಲ್ಲಿ ನೆರೆದಿದ್ದ ನಲವತ್ತು ಆಪರೇಟರುಗಳಲ್ಲಿ ಒಂದೇ ಏಟಿಗೆ ಪಾಸಾದವರು ಇಬ್ಬರು. ಆ ಇಬ್ಬರೂ ಕರೆಯದೆ ಬಂದವರ ಹಾಗೆ ಒಂದು ಮೂಲೆಯಲ್ಲಿ ನಿಂತಿದ್ದರು. ಉಳಿದವರು ತಮ್ಮ ತಮ್ಮ ಫೇಲುಗಳನ್ನು ಮದುವೆಯ ಫೋಟೋಗಳಂತೆ ಒಬ್ಬರಿಗೊಬ್ಬರು ತೋರಿಸಿಕೊಳ್ಳುತ್ತಿದ್ದರು.

“ನಂದು ನಾಲ್ಕು.”

“ನಾಲ್ಕೇನಾ? ನಾನು ಬರೀ ಸೀಟ್ ಬೆಲ್ಟಿಗೇ ಎರಡ್ಸಲ ಹೋದೆ.”

“ನಂಗೇನಂದ್ರು ಗೊತ್ತಾ? ‘ನೀನು ಯಂತ್ರಾನ ಚೆನ್ನಾಗಿ ಓಡಿಸ್ತೀಯಪ್ಪ, ಯಂತ್ರ ನಿನ್ನ ಅದಕ್ಕಿಂತ ಚೆನ್ನಾಗಿ ಓಡಿಸುತ್ತೆ. ಇಬ್ರೂ ಕೂತು ಒಂದು ತೀರ್ಮಾನಕ್ಕೆ ಬನ್ನಿ, ಆಮೇಲೆ ನೋಡೋಣ.’”

“ಬಿಡೋ, ಅವರ ಬೈಗುಳಕ್ಕೆ ಮೈಯೇನು ನೋಯ್ತಿರ್ಲಿಲ್ಲ.”

“ಅದಕ್ಕೇ ಮೈ ಪೂರ್ತಿ ಉಳಿದಿರೋದು,” ಎಂದ ಈಗಿನ ಪರೀಕ್ಷಕ. ಅವನು ಆರು ಸಲ ಫೇಲಾಗಿ, ಏಳನೆಯ ಸಲಕ್ಕೆ ದಡ ಸೇರಿ, ಕೊನೆಗೆ ಅದೇ ಅಮ್ಮಾವ್ರ ಕುರ್ಚಿಗೆ ಬಂದು ಕೂತವನು. “ಬೇಕಿದ್ರೆ ಎಣಿಸಿ ನೋಡ್ಕೊಳ್ಳಿ. ಇಲ್ಲಿ ನಲವತ್ತು ಜನ ಇದೀವಿ, ನಾನೂರು ಬೆರಳಿದೆ. ಬೇರೆ ಯಾವ ಕಾಡಲ್ಲಿದೆ ಈ ಲೆಕ್ಕ?”

ಯಾರೂ ಎಣಿಸಲಿಲ್ಲ. ಆದರೆ ಕೆಲವರು ಕೈಗಳನ್ನು ಜೇಬಿನಿಂದ ಹೊರತೆಗೆದು ಒಮ್ಮೆ ನೋಡಿಕೊಂಡರು. ಪರೀಕ್ಷಕನ ಎಡಗೈ ಮೊಣಕೈವರೆಗೆ ಪ್ಲಾಸ್ಟರಿನೊಳಗಿತ್ತು. ಮನೆಯಲ್ಲಿ ಬಲ್ಬು ಬದಲಾಯಿಸಲು ಹೋಗಿ ಏಣಿಯಿಂದ ಬಿದ್ದಿದ್ದ. ಏಣಿಗೆ ಕಾರ್ಡು ಬೇಕಿಲ್ಲವಲ್ಲ. ಆ ಕೈಯಲ್ಲೂ ಐದು ಬೆರಳುಗಳು ಲೆಕ್ಕಕ್ಕೆ ಸರಿಯಾಗಿ ಹೊರಗೆ ಇಣುಕುತ್ತಿದ್ದವು.

ಮಗಳು ಬಾಗಿಲ ಚೌಕಟ್ಟಿಗೆ ಒರಗಿ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು. ನಲವತ್ತಮೂರು ವರ್ಷದ ಹೆಂಗಸು. ಇಪ್ಪತ್ತು ವರ್ಷದಿಂದ ತರಬೇತಿ ಕಚೇರಿಯಲ್ಲಿ ಗುಮಾಸ್ತೆ. ಪಾಸಾದವರಿಗೆ ಕಾರ್ಡು ಮುದ್ರಿಸಿ ಕೊಡುವುದು ಅವಳ ಕೆಲಸ. ಈ ಅಂಗಳದಲ್ಲಿದ್ದವರ ಕಾರ್ಡುಗಳೆಲ್ಲ ಮೆಷಿನ್ನಿನಿಂದ ಬಿಸಿಬಿಸಿಯಾಗಿ ಬಂದು ಬಿದ್ದದ್ದು ಅವಳ ಅಂಗೈಗೇ. ಅವಳ ಹತ್ತಿರ ಮಾತ್ರ ಕಾರ್ಡಿರಲಿಲ್ಲ. ಮೂರು ಸಲ ಪರೀಕ್ಷೆಗೆ ಕೂತಿದ್ದಳು, ಮೂರು ಸಲವೂ ಫೇಲಾಗಿದ್ದಳು. ಫೇಲು ಮಾಡಿದ್ದು ಹೆತ್ತ ತಾಯಿ.

“ಅಲ್ಲಮ್ಮಾ,” ಎಂದರು ಸಮಾಧಾನ ಹೇಳಲು ಬಂದಿದ್ದ ಪಕ್ಕದ ಮನೆಯಾಕೆ, “ಹೋಗೋಕೆ ಮುಂಚೆ ನಿನ್ನೊಬ್ಬಳಿಗೆ ಸಹಿ ಹಾಕಿ ಹೋಗಿದ್ರೆ ಅವರ ಗಂಟೇನು ಹೋಗ್ತಿತ್ತು?”

“ಪೆನ್ನಿನ ಇಂಕು ಹೋಗ್ತಿತ್ತು ಆಂಟಿ,” ಎಂದಳು ಮಗಳು.

ಮಾತೇನೋ ಹಗುರವಾಗಿ ಹೊರಬಿತ್ತು. ಒಂದಲ್ಲ ಒಂದು ದಿನ ಆ ಕೈಯಿಂದ ಸಹಿ ಹಾಕಿಸಿಯೇ ತೀರುತ್ತೇನೆ ಎಂದುಕೊಂಡಿದ್ದವಳು ಅವಳು. ಈಗ ಆ ಕೈ ಪೆಟ್ಟಿಗೆಯೊಳಗಿದೆ. ಇನ್ನೊಂದ್ಸಲ ಎನ್ನಲೂ ಯಾರಿಲ್ಲ. ಮೂರು ಫೇಲುಗಳು ಇನ್ನು ಮೂರಾಗಿಯೇ ಉಳಿಯುತ್ತವೆ, ಗೋರಿಕಲ್ಲಿನ ಮೇಲೆ ಕೆತ್ತಿದ ಹಾಗೆ.

ಆರೂ ಜನ ಪೆಟ್ಟಿಗೆ ಎತ್ತಿದರು. ಅದರ ಮೇಲೆ ಹೂವಿನ ಬದಲು ಅಮ್ಮನ ಹಳದಿ ಹೆಲ್ಮೆಟ್ ಇತ್ತು. ವ್ಯಾನಿನ ಬಾಗಿಲ ಹತ್ತಿರ ಅದು ಸ್ವಲ್ಪ ಅಲ್ಲಾಡಿದಾಗ ಆರು ಜನರ ಎದೆಯೂ ಒಟ್ಟಿಗೆ ಝಲ್ಲೆಂದಿತು.

* * *

ಮೊದಲ ಪರೀಕ್ಷೆಗೆ ಅವಳಿಗೆ ಹತ್ತೊಂಬತ್ತು.

ಯಂತ್ರ ದಿಮ್ಮಿ ಎತ್ತುವ ಲೋಡರ್. ಅದಕ್ಕೊಂದು ಉದ್ದನೆಯ ಕೈ, ಕೈಯ ತುದಿಗೆ ಉಕ್ಕಿನ ಪಂಜ. ಆ ಪಂಜದಲ್ಲಿ ಹನ್ನೆರಡು ದಿಮ್ಮಿಗಳನ್ನು ಅವಳು ಒಂದರ ಮೇಲೊಂದು, ಮಡಿಸಿದ ಬಟ್ಟೆ ಜೋಡಿಸಿದ ಹಾಗೆ ಜೋಡಿಸಿದಳು. ಎಂಜಿನ್ ನಿಲ್ಲಿಸಿ, ಮೆಟ್ಟಿಲಿಳಿದು, ಗೆದ್ದ ಮುಖ ಹೊತ್ತು ಅಮ್ಮನ ಮುಂದೆ ಬಂದು ನಿಂತಳು.

“ಪಂಜ ಎಲ್ಲಿದೆ?” ಎಂದರು ಅಮ್ಮ.

ಅವಳು ತಿರುಗಿ ನೋಡಿದಳು. ಪಂಜ ಗಾಳಿಯಲ್ಲಿ ನೇತಾಡುತ್ತಿತ್ತು. “ಮೇಲೆ.”

“ನೀನೆಲ್ಲಿದೀಯ?”

“ಕೆಳಗೆ.”

“ಇನ್ನೊಂದ್ಸಲ.”

ಆ ದಿನ ಅವಳಿಗೆ ಬಾಯಿಪಾಠವಾದ ಮಾತು ಇದು: ಪಂಜ ನೆಲಕ್ಕೆ, ಕೀ ಜೇಬಿಗೆ, ಆಮೇಲೆ ನೀನು.

ಎರಡನೆಯದು ಮರುವರ್ಷ. ಅರ್ಧ ಕೆಲಸವಾಗಿತ್ತು, ದಿಮ್ಮಿಯೊಂದು ಪಂಜದಲ್ಲಿ ತೂಗುತ್ತಿತ್ತು. ಅಮ್ಮ ಕೊಡೆ ಬಿಚ್ಚಿಕೊಂಡು, ತರಕಾರಿ ತರಲು ಹೊರಟವರ ಹಾಗೆ, ಕೆಂಪು ಪಟ್ಟಿ ದಾಟಿ ಸೀದಾ ಯಂತ್ರದ ಕಡೆ ನಡೆದು ಬಂದರು. ಯಂತ್ರ ಆಡುತ್ತಿರುವಾಗ ಮೂವತ್ತು ಹೆಜ್ಜೆಯೊಳಗೆ ನರಪಿಳ್ಳೆ ಬರಬಾರದು. ಬಂದರೆ ಆಪರೇಟರ್ ಎಲ್ಲ ಬಿಟ್ಟು ನಿಲ್ಲಿಸಬೇಕು. ಮಗಳು ನೋಡಿದಳು. ನಿಧಾನ ಮಾಡಿದಳು. ನಿಲ್ಲಿಸಲಿಲ್ಲ.

“ನಾನು ಕಾಣಿಸ್ಲಿಲ್ವಾ?”

“ಕಾಣಿಸ್ದೆ. ನೀನೇ ಅಲ್ವಾ, ನಿಂಗೆ ಗೊತ್ತಿರುತ್ತೆ ಅಂತ...”

“ಆ ಗಾಜಿನಾಚೆ ಅಮ್ಮ ಇರಲ್ಲ ಕಣೇ. ಮನುಷ್ಯ ಇರ್ತಾನೆ. ಇನ್ನೊಂದ್ಸಲ.”

ಮೂರನೆಯದಕ್ಕೆ ಇಪ್ಪತ್ತೆರಡು. ಈ ಸಲ ಎಲ್ಲವೂ ಸರಿಯಿತ್ತು. ಕೊನೆಯ ದಿಮ್ಮಿ ಕೂತಿತು, ಪಂಜ ನೆಲಕ್ಕಿಳಿಯಿತು, ಕೀ ಜೇಬಿಗೆ ಬಿತ್ತು. ಇಳಿಯುವ ಮುಂಚೆ ಅವಳು ಬಾಗಿಲು ತೆರೆದು, ಮೈಯೆಲ್ಲ ಬೆವರಾಗಿ, ಒಂದೇ ಒಂದು ಮಾತಾಡಿದಳು: “ಅಮ್ಮ, ಸರಿಯಾಯ್ತಾ?”

ವರದಿಯ ಷರಾ ಕಾಲಮ್ಮಿನಲ್ಲಿ ಅಮ್ಮ ಬರೆದದ್ದು ಒಂದೇ ಪದ. ‘ಕೇಳಿದಳು.’ ಫೇಲು.

“ಕೇಳಿದ್ದಕ್ಕೆ ಫೇಲಾ?” ಎಂದು ಆ ಸಂಜೆ ಅವಳು ಮನೆಯಲ್ಲಿ ಕೂಗಾಡಿದಳು.

“ಕಾಡಲ್ಲಿ ನೀನೊಬ್ಬಳೇ ಇರ್ತೀಯ. ಸರಿಯಾಯ್ತಾ ಅಂತ ಯಾರನ್ನ ಕೇಳ್ತೀಯ, ಮರಾನಾ? ಸರಿಯಾಯ್ತು ಅಂತ ನಿಂಗೇ ಗೊತ್ತಾಗ್ಬೇಕು. ಗೊತ್ತಾಗೋದಕ್ಕೇ ಕಾರ್ಡು ಅನ್ನೋದು.”

ಅಪ್ಪ ಆಗ ಬದುಕಿದ್ದರು. ತಟ್ಟೆಯ ಮುಂದೆ ಕೂತು, ಆ ಕಡೆ ಹೆಂಡತಿಯನ್ನೂ ಈ ಕಡೆ ಮಗಳನ್ನೂ ನೋಡಿ, “ನಂಗೆ ಸ್ವಲ್ಪ ಉಪ್ಪು ಬೇಕಿತ್ತು. ಕೇಳಬಹುದಾ, ಇಲ್ಲ ಅದಕ್ಕೂ ಫೇಲಾ?” ಎಂದರು. ಯಾರೂ ಉಪ್ಪು ಕೊಡಲಿಲ್ಲ.

* * *

ಸ್ಮಶಾನ ಗುಡ್ಡದ ಮೇಲಿತ್ತು. ದಾರಿಯ ಒಂದು ಕಡೆ ಪ್ರಪಾತ, ಇನ್ನೊಂದು ಕಡೆ ಮರ ಕಡಿಯುತ್ತಿದ್ದ ಕಾಡು. ಕೊನೆಯ ತಿರುವಿನಲ್ಲಿ ವ್ಯಾನು ನಿಂತಿತು. ಹಿಂದೆ ಬರುತ್ತಿದ್ದ ಜೀಪು, ಕಾರು, ಮೋಟಾರ್ ಸೈಕಲ್ಲುಗಳೆಲ್ಲ ಒಂದಕ್ಕೊಂದು ಮೂತಿ ತಾಗಿಸಿ ನಿಂತವು.

ಬಿರುಗಾಳಿಗೆ ದಾರಿಯಂಚಿನ ದಿಮ್ಮಿಗಳ ಅಟ್ಟಿ ಕುಸಿದಿತ್ತು. ಒಂಬತ್ತು ದಿಮ್ಮಿಗಳು, ಒಂದೊಂದೂ ಎರಡಾಳು ತಬ್ಬುವಷ್ಟು ದಪ್ಪ, ರಸ್ತೆಗೆ ಅಡ್ಡಡ್ಡ ಬಿದ್ದುಕೊಂಡಿದ್ದವು.

“ಹನ್ನೊಂದೂ ಐವತ್ತು,” ಎಂದರು ಮಾಮ. “ನಲವತ್ತು ಜನ ಇದೀರಲ್ಲ, ಕೈ ಹಾಕಿ ಪಕ್ಕಕ್ಕೆ ತಳ್ಳಿ!”

“ಕುಸಿದ ಅಟ್ಟಿಗೆ ಕೈ ಹಾಕ್ಬಾರ್ದು ಸ್ವಾಮಿ. ಒಂದನ್ನ ಅಲ್ಲಾಡಿಸಿದ್ರೆ ಎಂಟು ಮೈಮೇಲೆ ಬರುತ್ವೆ.”

“ಯಾರು ಹೇಳಿದ್ದು ಹಂಗಂತ?”

ನಲವತ್ತು ಜನವೂ ಪೆಟ್ಟಿಗೆಯ ಕಡೆ ನೋಡಿದರು.

ಯಂತ್ರವೇನು ದೂರವಿರಲಿಲ್ಲ. ದಾರಿಯ ಪಕ್ಕದಲ್ಲೇ, ಕೈ ಮಡಿಚಿಕೊಂಡು, ಕುಸಿದ ಅಟ್ಟಿಗೂ ತನಗೂ ಸಂಬಂಧವೇ ಇಲ್ಲವೆಂಬಂತೆ ಒಂದು ಲೋಡರ್ ನಿಂತಿತ್ತು. ಅದರ ಮಾಲೀಕನಿಗೆ ಫೋನ್ ಹೋಯಿತು. “ಇನ್ನೊಂದ್ಸಲಮ್ಮನ ದಾರೀಗಾ? ತಗೊಳ್ರಪ್ಪಾ, ಅದಕ್ಕೇನು ಕೇಳೋದು,” ಎಂದ ಅವನು. “ಆದ್ರೆ ಕಾರ್ಡ್ ಇದ್ದೋರೇ ಹತ್ಬೇಕು. ಇಲ್ದಿದ್ರೆ ಅಮ್ಮಾವ್ರು ನನ್ನ ಬಿಡಲ್ಲ.”

ಆ ಯಂತ್ರದ ಆಪರೇಟರ್ ಗುಂಪಿನಲ್ಲೇ ಇದ್ದ. ಜಿರಾಫೆ ಎಂಬ ಅಡ್ಡಹೆಸರಿನ ಎತ್ತರದ ಆಳು. ಕೀ ಅವನ ಜೇಬಿನಲ್ಲಿತ್ತು, ಕಾರ್ಡೂ ಜೇಬಿನಲ್ಲಿತ್ತು. ಎಲ್ಲರೂ ಅವನಿಗೆ ದಾರಿ ಬಿಟ್ಟರು. ಅವನು ಒಂದು ಹೆಜ್ಜೆ ಮುಂದಿಟ್ಟು, ನೆಲ ನೋಡುತ್ತ ನಿಂತುಬಿಟ್ಟ.

“ಬೆಳಿಗ್ಗೆ ಎರಡು ಗ್ಲಾಸ್ ಹಾಕಿದೀನಿ,” ಎಂದ. “ದುಃಖಕ್ಕೆ.”

“ನಿನ್ ದುಃಖಕ್ಕಷ್ಟು ಬೆಂಕಿ ಹಾಕ! ಯಾರಿಗ್ಗೊತ್ತಾಗುತ್ತೆ, ಹತ್ತಯ್ಯಾ,” ಎಂದರು ಮಾಮ.

ಜಿರಾಫೆ ಮತ್ತೆ ಪೆಟ್ಟಿಗೆಯ ಕಡೆ ನೋಡಿದ. “ಗೊತ್ತಾಗುತ್ತೆ,” ಎಂದ.

ಆಮೇಲೆ ಹುಡುಕಾಟ ಶುರುವಾಯಿತು. ನಲವತ್ತು ಜನ ಒಟ್ಟಿಗೆ ಜೇಬು ತಡಕಿಕೊಂಡರು. ಕಾರ್ಡುಗಳೆಲ್ಲ ಇದ್ದವು, ಕೆಲಸದ ಜಾಕೀಟುಗಳಲ್ಲಿ. ಜಾಕೀಟುಗಳೂ ಇದ್ದವು, ಮನೆಯ ಮೊಳೆಗಳ ಮೇಲೆ. ಇವತ್ತು ಬಂದದ್ದು ಎಲ್ಲರೂ ಇಸ್ತ್ರಿ ಮಾಡಿದ ಕೋಟಿನಲ್ಲಿ. ಒಬ್ಬನ ಹತ್ತಿರ ಕಾರ್ಡಿತ್ತು, ಅದರ ಅವಧಿ ಮುಗಿದು ಹದಿನೈದು ದಿನವಾಗಿತ್ತು. ಮರ ಕಡಿಯುವ ಯಂತ್ರ ಓಡಿಸುವ ಒಬ್ಬ ಹೆಂಗಸಿನ ಹತ್ತಿರ ಕಾರ್ಡೂ ಇತ್ತು, ಅವಧಿಯೂ ಇತ್ತು, ಆದರೆ ಅದು ಲೋಡರಿನದಲ್ಲ. ಒಂದೇ ಸಲಕ್ಕೆ ಪಾಸಾದ ಇಬ್ಬರಲ್ಲಿ ಒಬ್ಬ ಹೆಮ್ಮೆಯಿಂದ ಪರ್ಸು ತೆಗೆದ. ಒಳಗಿದ್ದದ್ದು ಲೈಬ್ರರಿ ಕಾರ್ಡು.

“ನೀವ್ ಹತ್ತಿ ಸಾರ್,” ಎಂದರು ಯಾರೋ ಪರೀಕ್ಷಕನಿಗೆ. ಅವನು ಪ್ಲಾಸ್ಟರಿನ ಕೈಯನ್ನು ಎತ್ತಿ ತೋರಿಸಿದ.

“ಮನೆಗೋಗಿ ಕಾರ್ಡ್ ತಂದ್ರಾಯ್ತು.”

“ಹೋಗಿ ಬರೋಕೆ ಎರಡು ಗಂಟೆ. ಗೇಟು?” ಮಾಮನ ಮುಖ ಕೆಂಪಾಗಿತ್ತು. “ಮೂವತ್ತು ವರ್ಷದ ಅನುಭವ ಇರೋ ನಲವತ್ತು ಜನ, ಪಕ್ಕದಲ್ಲೇ ಯಂತ್ರ, ಕೀ ಜೇಬಲ್ಲಿ. ಅಂಗೈಯಗಲದ ಒಂದು ಪ್ಲಾಸ್ಟಿಕ್ ಇಲ್ಲ ಅಂತ ನನ್ನಕ್ಕ ನಡುರಸ್ತೇಲಿ! ಇದನ್ನ ಯಾರಿಗೆ ಹೇಳ್ಲಿ ನಾನು?”

ಅವರ ಮಾತು ತಪ್ಪೆಂದು ಯಾರಿಗೂ ಅನ್ನಿಸಲಿಲ್ಲ. ಯಂತ್ರದ ಕಡೆಗೆ ಯಾರೂ ಹೆಜ್ಜೆಯನ್ನೂ ಇಡಲಿಲ್ಲ.

ಪರೀಕ್ಷಕ ಗಡ್ಡ ಕೆರೆದುಕೊಂಡ. ಕೊನೆಗೆ ನಿಧಾನವಾಗಿ ಹೇಳಿದ: “ತರಬೇತಿ ಅಂಗಳದ ಹೊರಗೆ ಕಾರ್ಡ್ ಇಲ್ದೆ ಯಂತ್ರ ಹತ್ತಬಹುದಾದ ಮನುಷ್ಯ ಈ ಕಸುಬಲ್ಲಿ ಒಬ್ಬನೇ ಒಬ್ಬ. ಪರೀಕ್ಷೆಗೆ ಕೂತೋನು.”

“ಹಂಗಂದ್ರೆ?”

“ಪರೀಕ್ಷಕ ಎದುರಿಗಿರ್ಬೇಕು. ಇದೀನಿ. ಅರ್ಜಿ ಬಾಕಿ ಇರ್ಬೇಕು.” ಅವನು ಜೀಪಿಗೆ ಹೋಗಿ, ಡಾಕ್ಟರುಗಳಂತೆ ಸದಾ ಜೊತೆಗಿಟ್ಟುಕೊಳ್ಳುತ್ತಿದ್ದ ಚೀಲ ತಂದ. “ನಾಳೆ ಪರೀಕ್ಷೆ ಇದೆ ಅಂತ ಬಾಕಿ ಅರ್ಜಿ ಎಲ್ಲಾ ಇದರಲ್ಲೇ ಇದೆ.” ಒಂದೊಂದಾಗಿ ತಿರುವಿ ಹಾಕಿದ. ಎಲ್ಲಕ್ಕಿಂತ ಅಡಿಯಲ್ಲಿದ್ದ ಹಾಳೆಯನ್ನು ಹೊರಗೆಳೆದು ಮಗಳ ಕಡೆ ಚಾಚಿದ. “ಇದು ನಿಮ್ದೇ ಅಲ್ವಾ ಅಕ್ಕ?”

ಹೌದು. ಅರ್ಜಿ ತುಂಬಿದ್ದು ಅಮ್ಮನ ದುಂಡು ಅಕ್ಷರ. ಕೆಳಗಿನ ಸಹಿ ಅವಳದು. ‘ಸ್ವೀಕರಿಸಿದೆ’ ಎಂಬ ಮುದ್ರೆಯನ್ನು ಒತ್ತಿದ್ದೂ ಅವಳದೇ ಕೈ.

* * *

ಪ್ರತಿ ಜನವರಿಯಲ್ಲೂ ಹೀಗೇ. ಅವಳು ಗುಮಾಸ್ತೆಯಾಗಿ ಸೇರಿದ ವರ್ಷದಿಂದ, ಹೊಸವರ್ಷದ ಮೊದಲ ಕೆಲಸದ ದಿನ, ಅವಳ ಮೇಜಿನ ಮೇಲೆ ಅವಳ ಹೆಸರಿನದೇ ತುಂಬಿದ ಅರ್ಜಿಯೊಂದು ಬಂದು ಕೂತಿರುತ್ತಿತ್ತು. ಅಮ್ಮ ಏನೂ ಹೇಳುತ್ತಿರಲಿಲ್ಲ. ಅವಳೂ ಏನೂ ಕೇಳದೆ ಸಹಿ ಮಾಡಿ, ಮುದ್ರೆ ಒತ್ತಿ, ಕಡತದ ತಳಕ್ಕೆ ಸೇರಿಸುತ್ತಿದ್ದಳು. ಪರೀಕ್ಷೆಯ ದಿನ ಗೊತ್ತುಮಾಡುವವಳು ಅವಳೇ ಆದ್ದರಿಂದ ಆ ಅರ್ಜಿಗೆ ದಿನವೆಂಬುದು ಬರುತ್ತಲೇ ಇರಲಿಲ್ಲ. ವರ್ಷ ಮುಗಿದು ಅರ್ಜಿ ಸಾಯುತ್ತಿತ್ತು. ಜನವರಿಯಲ್ಲಿ ಮತ್ತೆ ಹುಟ್ಟುತ್ತಿತ್ತು.

ನಿವೃತ್ತರಾದ ಮೇಲೆ ಅಮ್ಮ ಸಾರ್ವಜನಿಕರ ಸಾಲಿನಲ್ಲಿ ನಿಂತು ಬರತೊಡಗಿದರು. ಈ ವರ್ಷದ ಜನವರಿಯಲ್ಲಿ ಕೋಲೂರಿಕೊಂಡು ಬಂದಿದ್ದರು. ಮುಂದಿದ್ದ ಏಳು ಜನ ಜಾಗ ಬಿಟ್ಟುಕೊಟ್ಟರೂ ಮುಂದೆ ಹೋಗದೆ, ತಮ್ಮ ಸರದಿ ಬಂದಾಗಲೇ ಕೌಂಟರಿನ ಕಿಂಡಿಯಲ್ಲಿ ಹಾಳೆ ತೂರಿಸಿದರು.

“ಅರ್ಜಿದಾರರೇ ಖುದ್ದಾಗಿ ಬರ್ಬೇಕು,” ಎಂದಳು ಮಗಳು, ತಲೆ ಎತ್ತದೆ.

“ಅರ್ಜಿದಾರರು ಖುದ್ದಾಗಿ ಕಿಂಡಿಯಾಚೆ ಕೂತಿದಾರೆ ಮೇಡಂ. ಮುದ್ರೆ ಹಾಕಿ. ಹಿಂದೆ ಜನ ಕಾಯ್ತಿದಾರೆ.”

ಕಚೇರಿಯ ಹಿಂದಿನ ಕೋಣೆಯಲ್ಲಿ ಕಲಿಯುವವರಿಗೆಂದು ಒಂದು ಅಭ್ಯಾಸದ ಯಂತ್ರವಿತ್ತು. ನಿಜವಾದದ್ದಲ್ಲ, ಸೀಟು, ಸನ್ನೆಕೋಲು, ಎದುರಿಗೊಂದು ಪರದೆ. ಇಪ್ಪತ್ತು ವರ್ಷದಿಂದ ಮಧ್ಯಾಹ್ನದ ಬಿಡುವಿನಲ್ಲಿ ಅರ್ಧ ಗಂಟೆ ಅವಳು ಆ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಶನಿವಾರಗಳಲ್ಲಿ ತರಬೇತಿ ಅಂಗಳದಲ್ಲಿ ತರಬೇತುದಾರರು ಪಟ್ಟಿಯಾಚೆ ನಿಂತು ನಿಜವಾದ ಲೋಡರನ್ನೇ ಕೊಡುತ್ತಿದ್ದರು. ಯಾರಿಗೂ ಹೇಳಬೇಡಿ ಎಂದು ಅವಳು ಬೇಡಿಕೊಂಡಿದ್ದಳು. ಅಭ್ಯಾಸದ ಯಂತ್ರ ಹೆಸರು ಕೇಳಿದರೆ ‘ಅತಿಥಿ’ ಎಂದು ಒತ್ತುತ್ತಿದ್ದಳು. ಒಂದು ದಿನ ಊಟದ ಮಧ್ಯೆ ಅಮ್ಮ ಯಾರಿಗೂ ಅಲ್ಲವೆಂಬಂತೆ, “ಹಿಂದಿನ ಕೋಣೆಗೆ ಬರೋ ಆ ಅತಿಥಿಗೆ ಎಡಗೈ ಒಂಚೂರು ಆತುರ,” ಎಂದರು. ಮಾರನೆಯ ದಿನದಿಂದ ಅತಿಥಿಯ ಎಡಗೈ ನಿಧಾನವಾಯಿತು.

ಆದರೂ ಅವಳು ಪರೀಕ್ಷೆಗೆ ಕೂರಲಿಲ್ಲ. ಅಮ್ಮ ಪರೀಕ್ಷಕಿಯಾಗಿದ್ದಷ್ಟು ದಿನ, ಅಮ್ಮ ಇದ್ದಾರಲ್ಲ ಎಂದು ಕೂರಲಿಲ್ಲ. ನಿವೃತ್ತರಾದ ಮೇಲೆ, ಅಮ್ಮ ಇಲ್ಲವಲ್ಲ ಎಂದು ಕೂರಲಿಲ್ಲ.

* * *

“ಮುಂಚೇನೇ ಹೇಳಿಬಿಡ್ತೀನಿ ಅಕ್ಕ,” ಎಂದ ಪರೀಕ್ಷಕ, ದನಿ ತಗ್ಗಿಸಿ. “ಇವತ್ತು ಮಣ್ಣಿನ ದಿನ ಅಂತ ನಾನು ರಿಯಾಯಿತಿ ಕೊಡಲ್ಲ. ತಪ್ಪಾದ್ರೆ ಇಲ್ಲೇ, ಇವರೆಲ್ಲರ ಮುಂದೆ, ಅಮ್ಮಾವ್ರ ಮುಂದೆ ಫೇಲ್ ಅಂತ ಬರೀತೀನಿ.”

“ಬರೀದಿದ್ರೆ ನಿಮ್ಮೇಲೆ ನಾನೇ ದೂರು ಕೊಡ್ತೀನಿ,” ಎಂದಳು ಅವಳು.

ಮಾತು ಧೈರ್ಯದ್ದೇ. ಲೆಕ್ಕ ಮಾತ್ರ ಬೇರೆಯಿತ್ತು. ಮೂರು ಸಲ ಫೇಲಾದದ್ದು ಒಬ್ಬ ತಾಯಿಯ ಮುಂದೆ. ನಾಲ್ಕನೆಯದು ಇಡೀ ಕಸುಬಿನ ಮುಂದೆ, ಅದೂ ತಾಯಿಯನ್ನು ರಸ್ತೆಯಲ್ಲೇ ಬಿಟ್ಟು. ಆಮೇಲೆ ಸೋಮವಾರ ಯಾವ ಮುಖ ಹೊತ್ತು ಇವರ ಕಾರ್ಡು ಮುದ್ರಿಸುವುದು?

ಜಿರಾಫೆಯ ಜೇಬಿನಿಂದ ಕೀ ಬಂತು. ಪರೀಕ್ಷಕನ ಜೀಪಿನಲ್ಲಿ ಬೂಟು ಸಿಕ್ಕಿತು, ಹೊಳೆಯುವ ಪಟ್ಟಿಯ ಜಾಕೀಟೂ ಸಿಕ್ಕಿತು. ಹೆಲ್ಮೆಟ್ ಮಾತ್ರ ಯಾರ ಹತ್ತಿರವೂ ಇರಲಿಲ್ಲ. ಎಲ್ಲರ ಕಣ್ಣೂ ಪೆಟ್ಟಿಗೆಯ ಮೇಲೆ ಹೋಯಿತು. ಅವಳು ಹೋಗಿ ಅಮ್ಮನ ಹಳದಿ ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಪರೀಕ್ಷಕ ಅದನ್ನು ಇಸಿದುಕೊಂಡು, ಮಗುಚಿ, ಒಳಗೆ ಅಚ್ಚಾಗಿದ್ದ ತಾರೀಕು ಹುಡುಕಿದ.

“ಥೂ ನಿನ್ನ, ತೀರಿಹೋದೋರ ಹೆಲ್ಮೆಟ್ಗೂ ತಾರೀಕು ನೋಡ್ತೀಯಲ್ಲಯ್ಯಾ!” ಎಂದರು ಮಾಮ.

“ಅವರೇ ಕಲಿಸಿದ್ದು. ಈ ತಿಂಗಳ ಕೊನೆವರೆಗೂ ಇದೆ. ಹಾಕ್ಕೊಳ್ಳಿ ಅಕ್ಕ.”

ಪರೀಕ್ಷಕ ಯಂತ್ರದಿಂದ ಮೂವತ್ತು ಹೆಜ್ಜೆ ಎಣಿಸಿ ದಾರಿಗೆ ಅಡ್ಡಲಾಗಿ ಕೆಂಪು ಪಟ್ಟಿ ಕಟ್ಟಿದ. ನಲವತ್ತು ಜನ ಅದರ ಹಿಂದೆ ನಿಂತರು. ಪೆಟ್ಟಿಗೆಯನ್ನು ವ್ಯಾನಿನಿಂದ ಇಳಿಸಿ ಎರಡು ಮರದ ತುಂಡುಗಳ ಮೇಲೆ ಅವರ ಪಕ್ಕದಲ್ಲೇ ಇಟ್ಟರು. ನೋಡುವವರಿಗೆ ಅಮ್ಮನೂ ಪಟ್ಟಿಯ ಹಿಂದೆ ನಿಂತು ಪರೀಕ್ಷೆ ನೋಡುತ್ತಿರುವಂತಿತ್ತು.

ಅವಳು ಯಂತ್ರವನ್ನು ಒಂದು ಸುತ್ತು ಸುತ್ತಿದಳು. ಟೈರು, ಎಣ್ಣೆ, ಪೈಪು, ಮೇಲಿನ ಕೊಂಬೆ. ಹತ್ತಿ ಕೂತು ಬೆಲ್ಟ್ ಬಿಗಿದಳು. ಎಂಜಿನ್ ಕೆಮ್ಮಿ ಎದ್ದಿತು. ಮೇಲಿನ ದಿಮ್ಮಿಯಿಂದ ಶುರುಮಾಡಿದಳು. ಪಂಜ ಇಳಿಯಿತು, ತೆರೆಯಿತು, ದಿಮ್ಮಿಯ ಸರಿಮಧ್ಯವನ್ನು ಹಿಡಿಯಿತು.

“ಎಡಗೈ ನೋಡು,” ಎಂದ ಪಟ್ಟಿಯ ಹಿಂದಿನಿಂದ ಒಬ್ಬ, ಉಸಿರಿನಲ್ಲಿ.

“ಬೆಣ್ಣೆ.”

“ಮುಚ್ಕೊಂಡು ನೋಡ್ರೋ, ದೃಷ್ಟಿ ತಾಗುತ್ತೆ.”

ಎರಡು. ಮೂರು. ನಾಲ್ಕನೆಯದು ಐದನೆಯದಕ್ಕೆ ಹೆಣೆದುಕೊಂಡಿತ್ತು. ಅವಳು ಅದನ್ನು ಬಿಟ್ಟು, ಸುತ್ತಿ ಬಂದು, ಐದನೆಯದನ್ನು ಮೊದಲು ಬಿಡಿಸಿದಳು. ಪಟ್ಟಿಯ ಹಿಂದೆ ನಲವತ್ತು ಬಲಗೈಗಳು ಇಲ್ಲದ ಸನ್ನೆಕೋಲುಗಳನ್ನು ತಮಗರಿವಿಲ್ಲದೆ ಹಿಡಿದು ತಿರುಗಿಸುತ್ತಿದ್ದವು. ಆರು. ಏಳು. ಎಂಟು. ದಾರಿಯ ಮುಕ್ಕಾಲು ತೆರೆಯಿತು. ಒಂಬತ್ತನೆಯ ದಿಮ್ಮಿ ಪಂಜದಲ್ಲಿ ಎದ್ದು, ಗಾಳಿಯಲ್ಲಿ ನಿಧಾನವಾಗಿ ತಿರುಗತೊಡಗಿತು.

“ಹನ್ನೆರಡೂ ನಲವತ್ತು,” ಎಂದರು ಮಾಮ. “ಇಷ್ಟು ಜಾಗ ಸಾಕು. ಏಯ್, ಹಿಡ್ಕೊಳ್ರಪ್ಪಾ.”

ಹಿಡಿದುಕೊಂಡವರು ಕಸುಬಿನವರಲ್ಲ. ವ್ಯಾನಿನ ಡ್ರೈವರ್, ಮಾಮನ ಅಂಗಡಿಯ ಪಕ್ಕದ ಚಪ್ಪಲಿ ವ್ಯಾಪಾರಿ, ಅವನ ಭಾವಮೈದ. ನಾಲ್ಕನೆಯ ಹಿಡಿಗೆ ಖುದ್ದು ಮಾಮ. ಏನಾಗುತ್ತಿದೆ ಎಂದು ಉಳಿದವರಿಗೆ ತಿಳಿಯುವಷ್ಟರಲ್ಲಿ ಪೆಟ್ಟಿಗೆ ಕೆಂಪು ಪಟ್ಟಿಯಡಿ ನುಸುಳಿ ಆಚೆ ಹೋಗಿತ್ತು.

“ಸ್ವಾಮೀ! ಪಟ್ಟಿ! ಪಟ್ಟಿ ದಾಟ್ಬೇಡಿ!”

“ನನ್ನಕ್ಕನ್ನ ನಾನು ಕರ್ಕೊಂಡು ಹೋಗೋಕೆ ಯಾವನಪ್ಪಣೆ?”

ನಲವತ್ತು ಜನ ಕೂಗಿದರು, ಕೈ ಬೀಸಿದರು, ಒಬ್ಬ ಟೋಪಿಯನ್ನು ನೆಲಕ್ಕೆ ಬಡಿದ. ಹಿಂದೆ ಓಡಿ ಹಿಡಿಯಲು ಒಬ್ಬನೂ ಪಟ್ಟಿ ದಾಟಲಿಲ್ಲ. ದಾಟುವಂತಿರಲಿಲ್ಲ.

ಅವಳು ಗಾಜಿನಾಚೆ ನೋಡಿದಳು. ಅಮ್ಮ ಬರುತ್ತಿದ್ದರು. ಇಪ್ಪತ್ತಮೂರು ವರ್ಷದ ಹಿಂದೆ ಬಂದ ಹಾಗೆಯೇ, ಅದೇ ಸೀದಾ ದಾರಿಯಲ್ಲಿ, ಯಾರ ಮಾತಿಗೂ ಸೊಪ್ಪು ಹಾಕದೆ. ಈ ಸಲ ಕೊಡೆಯಿಲ್ಲ, ಅಷ್ಟೇ. ದಿಮ್ಮಿಯನ್ನು ಪಕ್ಕಕ್ಕಿಡಲು ಇನ್ನು ಬೇಕಾದ್ದು ಐದು ಸೆಕೆಂಡು. ನಿಧಾನ ಮಾಡಿದರೆ ಸಾಕಾಗಿತ್ತು.

ಅವಳು ಹಾರನ್ ಒತ್ತಿದಳು. ಗುಡ್ಡವೆಲ್ಲ ಅದುರುವ ಹಾಗೆ, ಒತ್ತಿ ಹಿಡಿದಳು. ದಿಮ್ಮಿಯನ್ನು ಇದ್ದಲ್ಲೇ ಇಳಿಸಿದಳು. ಪಂಜ ನೆಲಕ್ಕೆ. ಎಂಜಿನ್ ನಿಂತಿತು. ಕೀ ಜೇಬಿಗೆ. ಆಮೇಲೆ ಬಾಗಿಲು ತೆರೆದಳು.

“ಮಾಮ, ಹಿಂದಕ್ಕೆ.”

“ಹನ್ನೆರಡೂ ನಲವತ್ತೊಂದು ಕಣೇ! ಒಂದೇ ನಿಮಿಷದಲ್ಲಿ ದಾಟ್ಕೋತೀವಿ...”

“ಹಿಂದಕ್ಕೆ.”

“ನಿಮ್ಮಮ್ಮ ಕಣೇ ಇದು!”

“ಯಾರಾದ್ರೂ ಸರಿ,” ಎಂದಳು ಅವಳು. “ಅಮ್ಮಂಗೂ ಹೇಳಿ. ಪಟ್ಟಿಯಿಂದ ಹಿಂದೆ ನಿಂತ್ಕೋಬೇಕು ಅಂತ.”

ಮಾಮ ಒಂದು ಹೆಜ್ಜೆ ಹಿಂದಿಟ್ಟರು. ಆಮೇಲೆ ನಾಲ್ಕೂ ಜನ, ಪೆಟ್ಟಿಗೆಯ ಸಮೇತ, ಬಂದ ಹೆಜ್ಜೆಯಲ್ಲೇ ಹಿಂದೆ ಹಿಂದೆ ನಡೆದು ಪಟ್ಟಿಯಡಿ ಬಗ್ಗಿ ಆಚೆಗೆ ಹೋದರು. ಆಗ ಜಿರಾಫೆ ಚಪ್ಪಾಳೆ ತಟ್ಟಿದ. ಎರಡು ಗ್ಲಾಸಿನ ಧೈರ್ಯವಿದ್ದದ್ದು ಅವನೊಬ್ಬನಿಗೇ. ಮರುಕ್ಷಣ ನಾನೂರು ಬೆರಳುಗಳೂ ಸೇರಿಕೊಂಡವು. ಮಣ್ಣಿಗೆ ಹೊರಟ ದಾರಿಯಲ್ಲಿ ಸಿಳ್ಳೆ ಹೊಡೆದವರೂ ಇದ್ದರು. ಯಾರೆಂದು ಆಮೇಲೆ ಎಷ್ಟು ವಿಚಾರಿಸಿದರೂ ಒಬ್ಬರೂ ಒಪ್ಪಿಕೊಳ್ಳಲಿಲ್ಲ.

ಅವಳು ಅದಾವುದನ್ನೂ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಬಾಗಿಲು ಹಾಕಿದಳು. ಬೆಲ್ಟ್ ಬಿಗಿದಳು. ಒಂಬತ್ತನೆಯ ದಿಮ್ಮಿ ಎದ್ದು, ತಿರುಗಿ, ಎಂಟರ ಪಕ್ಕದಲ್ಲಿ ಮೊದಲಿನಿಂದಲೂ ಅಲ್ಲೇ ಇದ್ದದ್ದರ ಹಾಗೆ ಕೂತಿತು. ಪಂಜ ನೆಲಕ್ಕಿಳಿದು ಬೆರಳು ಮಡಿಚಿತು. ಅವಳು ಯಂತ್ರಕ್ಕೆ ಮುಖ ಮಾಡಿ, ಮೂರು ಮೆಟ್ಟಿಲು, ಎರಡೂ ಕೈಯಲ್ಲಿ ಹಿಡಿದುಕೊಂಡು ಇಳಿದಳು. ಜೇಬಿನ ಮೇಲೆ ಕೈಯಿಟ್ಟು ಕೀ ಇದೆಯೆಂದು ನೋಡಿಕೊಂಡಳು.

ಎಂಜಿನ್ ನಿಂತ ಮೇಲೆ ಪಟ್ಟಿ ದಾಟಿ ಬಂದ ಪರೀಕ್ಷಕ ಪ್ಲಾಸ್ಟರಿನ ಕೈಯ ಮೇಲೆ ಹಾಳೆ ಇಟ್ಟುಕೊಂಡು ಪೆನ್ನು ಎತ್ತಿ ಕಾಯುತ್ತಿದ್ದ. ಅವಳು ಅವನ ಪಕ್ಕದಲ್ಲೇ ಹಾದು ಬಂದಳು. ಅವನ ಮುಖ ನೋಡಲಿಲ್ಲ. ಹಾಳೆಯನ್ನೂ ನೋಡಲಿಲ್ಲ. ನೇರವಾಗಿ ನಡೆದು ರಸ್ತೆಯ ನಡುವೆ, ಪಟ್ಟಿಗೆ ಎದುರಾಗಿ ನಿಂತು, ಅಂಗೈ ಮುಂದೆ ಮಾಡಿ ಕೈಯೆತ್ತಿದಳು. ತಡೆಯಿರಿ.

ಪರೀಕ್ಷಕ ಷರಾ ಕಾಲಮ್ಮಿನಲ್ಲಿ ಒಂದೇ ಪದ ಬರೆದ. ‘ಕೇಳಲಿಲ್ಲ.’ ಅದರ ಕೆಳಗೆ ಸಹಿ ಹಾಕಿದ.

ಪಟ್ಟಿಯ ಹಿಂದೆ ಆರು ಜನ ಪೆಟ್ಟಿಗೆಯ ಹತ್ತಿರ ಬಂದರು. ಎತ್ತುವ ಮೊದಲು ಅದನ್ನು ಒಂದು ಸುತ್ತು ಸುತ್ತತೊಡಗಿದರು. ಹನ್ನೆರಡೂ ನಲವತ್ತೆಂಟು. ಮಾಮ ಗಡಿಯಾರ ನೋಡಿಕೊಂಡರು, ಅಂಗಿಯ ತೋಳನ್ನು ಅದರ ಮೇಲೆ ಎಳೆದುಕೊಂಡರು. ಆಮೇಲೆ ಆರು ಜನರ ಹಿಂದೆ ಏಳನೆಯವರಾಗಿ ತಾವೂ ಹೊರಟರು. ಹಿಡಿಗಳನ್ನು ಎಳೆದು ನೋಡಿದರು. ಮೊಣಕಾಲು ಊರಿ, ಬಗ್ಗಿ, ಅಕ್ಕನ ಪೆಟ್ಟಿಗೆಯ ಅಡಿಭಾಗವನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸರಿಯಾಗಿ ಪರೀಕ್ಷಿಸಿದರು.

ಅವರು ಎದ್ದು ನಿಂತು ಮಂಡಿಯ ಧೂಳು ಕೊಡವಿಕೊಳ್ಳುವವರೆಗೂ ಅವಳ ಕೈ ಎತ್ತಿದ ಹಾಗೇ ಇತ್ತು. ಆಮೇಲೆ ಅಂಗೈ ತಿರುಗಿಸಿ, ಬನ್ನಿ ಎಂದಳು.